ಮೊಣಕಾಲಿಗೆ ಬರುವ ಬ್ಯಾಗು

ಬ್ಯಾಗಿನ ಅಂಗಡಿಯ ಅಣ್ಣನವರಿಗೆ ನಮಸ್ಕಾರ.

ಹೋದ ತಿಂಗಳು ವಿದೇಶ ಪ್ರವಾಸಕ್ಕೆಂದು ನಿಮ್ಮಲ್ಲಿ ಅಡ್ಡ ಹಾಕಿಕೊಳ್ಳುವ ಬ್ಯಾಗು ಎರಡು ಕೊಂಡಿದ್ದೆವು. ನಮ್ಮ ಯಜಮಾನರು ತಮ್ಮದನ್ನು ಹಾಕಿಕೊಂಡು, ಆಗಲೇ ವಿಮಾನ ಇಳಿದವರ ಹಾಗೆ ನಿಮ್ಮ ಕನ್ನಡಿ ಮುಂದೆ ಓಡಾಡಿದ್ದು ನೆನಪಿರಬಹುದು. ಅವರು ಈಗಿಲ್ಲ. ಪ್ರವಾಸ ಹೋಗುತ್ತೇವೆಂದು ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು, ಟಿಕೆಟ್ಟೂ ಆಗಿತ್ತು. ಅದಕ್ಕೇ ತಂಗಿಯ ಜೊತೆ ಹೊರಟಿದ್ದೇನೆ.

ಪತ್ರ ತಂದಿರುವವಳು ಅವಳೇ. ಓದಿಬಿಡುತ್ತಾಳೆಂದು ಲಕೋಟೆ ಅಂಟಿಸಿದ್ದೇನೆ. ಅವಳು ಕೊಡುವ ಬ್ಯಾಗು ವಾಪಸು ತೆಗೆದುಕೊಂಡು, ಅಲ್ಲಿ ಕೊಳ್ಳುವ ಸಾಮಾನಿಗೆ ಮಡಚಿಡುವಂಥ ಚೀಲವೊಂದು ಕೊಡಿ. ಸಣ್ಣದೇ ಸಾಕು. ಕಂಡ ಅಂಗಡಿಗೆಲ್ಲ ನುಗ್ಗುವವಳು ನಾನು. "ಸಾಕು ಬಾರೇ, ಹೊರೋನು ನಾನು" ಅಂತ ಗೊಣಗುತ್ತಲೇ ಹೊರುತ್ತಿದ್ದವರು ಅವರು. ಈಗ ಕೊಂಡಷ್ಟೂ ನಾನೇ ಹೊರಬೇಕು.

ವಾಪಸು ಕಳಿಸಿರುವುದು ನನ್ನ ಬ್ಯಾಗು. ಅವರದು ನನ್ನ ಹತ್ತಿರವೇ ಇರಲಿ. ಹಾಕಿಕೊಂಡರೆ ಮೊಣಕಾಲಿಗೆ ಬಡಿಯುತ್ತದೆ, ಬಡಿಯಲಿ. "ಅದರ ಬೆಲ್ಟು ಗಿಡ್ಡ ಮಾಡೋಕಾಗಲ್ವಾ" ಅಂತ ತಂಗಿ ಕೇಳುತ್ತಾಳೆ. ಆಗುವುದಿಲ್ಲ, ಹೊಲಿಗೆಯೇ ಹಾಗಿದೆ ಅಂದುಬಿಡಿ. ಅವರ ಹೆಗಲಿಗೆ ನೀವೇ ಹಾಕಿ ನೋಡಿ ಸರಿಮಾಡಿದ ಬೆಲ್ಟು ಅದು.

ಇಂತಿ,
ಕನ್ನಡಿ ಮುಂದೆ ಓಡಾಡಿದವರ ಹೆಂಡತಿ