ಮೂರು ಬೆಲ್, ಬಿಡುವು, ಎರಡು ಬೆಲ್

3 ಆಗಸ್ಟ್ 1993, ಮಂಗಳವಾರ. ಬಂಗಾರಪೇಟೆ ಸ್ಟೇಷನ್, ಬೆಳಿಗ್ಗೆ 7.10

ಮಾರಿಕುಪ್ಪಂ ಗಾಡಿ ಇನ್ನೂ ಬಂದಿಲ್ಲ. ಡೈರಿಗೆ ಹಾಲು ಹಾಕಿ, ಅಪ್ಪನಿಗೆ ಅಂಬಲಿ ಇಟ್ಟು ಓಡಿ ಬಂದದ್ದು ದಂಡ.

ನೋಟ್ಸ್ ಟೈಪ್ ಮಾಡಿದ್ದು ನಿನ್ನೆ ಮುಗಿಯಿತು. ಕಂಪ್ಯೂಟರ್ ಕ್ಲಾಸಿನ ಕುಪ್ಪುಸ್ವಾಮಿ ಸಾರ್ ಬರೆದಿಟ್ಟು ಹೋದ ಕೋಬಾಲ್ ಪಾಠ, ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಭಾಷೆ. ಹೆಂಡತಿಗೆ ಹೆರಿಗೆ ಅಂತ ವಾಣಿಯಂಬಾಡಿಗೆ ಹೋಗಿದ್ದಾರೆ, ಬರುವುದು ತಿಂಗಳ ಕೊನೆಗೆ. ಅವರ ಕೈಯಲ್ಲಿ ಮೂವತ್ತೆಂಟು ಹಾಳೆ. ನನ್ನ ಕೈಯಲ್ಲಿ ಹದಿನಾಲ್ಕು!

ಮನುಷ್ಯ ಬರೆಯೋದು ಚೌಕುಳಿ ಹಾಳೆಯಲ್ಲಿ. ಒಂದು ಸಾಲು ಇಲ್ಲಿಂದ, ಇನ್ನೊಂದು ಅಷ್ಟು ದೂರದಿಂದ. ಹಾಳೆ ಏನು ಮಾವನ ಮನೆಯಿಂದ ಬರುತ್ತಾ? ಎಲ್ಲ ಸಾಲನ್ನೂ ಎಡಕ್ಕೆ ಎಳೆದು, ಒಂದರ ಬೆನ್ನಿಗೆ ಒಂದು ಸೇರಿಸಿ, ಕಂಪ್ಯೂಟರಿನ ವರ್ಡ್‌ಸ್ಟಾರಲ್ಲಿ ಕಾಗದದ ಹಾಗೆ ಟೈಪ್ ಮಾಡಿದೆ. ಬಲಗಡೆ ಅಂಚನ್ನು ಅದೇ ಸಮ ಮಾಡಿಕೊಡುತ್ತೆ. ಹತ್ತೊಂಬತ್ತು ವರ್ಷ ಟೈಪ್‌ರೈಟರಲ್ಲಿ ಬೆರಳು ಸವೆಸಿದರೂ ಇಷ್ಟು ನೇರ ಅಂಚು ಕಂಡಿರಲಿಲ್ಲ.

ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಓನರ್ ಕೋದಂಡಪ್ಪನವರಿಗೆ ಖುಷಿಯೋ ಖುಷಿ. “ಅಚ್ಚಾಕಿದ ಪುಸ್ತಕ ಇದ್ದಂಗೈತೆ ಕಣಮ್ಮ. ಟೈಪ್‌ರೈಟರ್ ಎಲ್ಲಾ ಮಾರ್ಬುಡ್ತೀನಿ, ನಿನ್ನ ಮಾತ್ರ ಇಟ್ಕೊಂತೀನಿ.” ತಮಾಷೆಯಂತೆ. ನನಗೆ ನಗು ಬರಲಿಲ್ಲ. ನಲವತ್ತು ಪ್ರತಿ ತೆಗೆಸಿದರು.

ಗಾಡಿ ಬಂತು —

5 ಆಗಸ್ಟ್, ಗುರುವಾರ

ಕಂಪ್ಯೂಟರ್ ಕ್ಲಾಸಿನ ಅಶ್ವತ್ಥಪ್ಪ ನೋಟ್ಸಿಗೆ ಬ್ರೌನ್ ಪೇಪರ್ ಹಾಕಿಕೊಂಡು ಬಂದಿದ್ದಾನೆ, ಮಗಳ ಪುಸ್ತಕದ ಜೊತೆ ಇದಕ್ಕೂ ಹಾಕಿದನಂತೆ. ಮೂವತ್ನಾಲ್ಕು ವರ್ಷದ ಗಂಡಸು, ಚಾಂಪಿಯನ್ ರೀಫ್ಸಿನವನು, ಚಿನ್ನದ ಗಣಿಯೊಳಗೆ ಕೆಲಸ. ಧೂಳಿಗೆ ಇಳೀಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಮೇಲಿನ ಆಫೀಸಲ್ಲಿ ಒಂದು ಕಂಪ್ಯೂಟರ್ ಹುದ್ದೆ ಇದೆ, 23ಕ್ಕೆ ಟೆಸ್ಟ್. ಸೆಪ್ಟೆಂಬರಲ್ಲಿ ಮೂವತ್ತೈದು ತುಂಬುತ್ತೆ, ಆಮೇಲೆ ತಗೊಳ್ಳಲ್ಲ. ಇದೇ ಕೊನೆ.

ಇನ್‌ಸ್ಟಿಟ್ಯೂಟಿನಲ್ಲಿ ಇರೋದು ಒಂದೇ ಕಂಪ್ಯೂಟರ್. ಒಬ್ಬೊಬ್ಬರಿಗೆ ವಾರಕ್ಕೆ ಅರ್ಧ ಗಂಟೆ. ಅದಕ್ಕೇ ನೋಟ್ಸನ್ನು ಬಾಯಿಪಾಠ ಮಾಡುತ್ತಿದ್ದಾನೆ, ಫುಲ್‌ಸ್ಟಾಪ್ ಸಮೇತ. ಕೆಮ್ಮುತ್ತಾ.

10 ಆಗಸ್ಟ್, ಮಂಗಳವಾರ. ಸಂಜೆ

ಇವತ್ತು ಅವನ ಅರ್ಧ ಗಂಟೆ. ನೋಟ್ಸ್ ಪಕ್ಕದಲ್ಲಿಟ್ಟುಕೊಂಡು ಇದ್ದದ್ದು ಇದ್ದಹಾಗೇ ಹೊಡೆದ. ಎಂಟರ್ ಒತ್ತಿದ. ಎರರ್. ಸ್ಕ್ರೀನ್ ತುಂಬ ಎರರ್. ಎಣಿಸಿದೆ, ನಲವತ್ತಮೂರು. ಮತ್ತೆ ಹೊಡೆದ. ಮತ್ತೆ ನಲವತ್ತಮೂರು.

“ನನ್ ತಲೆಗೆ ಅತ್ತಲ್ಲ ಬುಡಿ ಮೇಡಂ. ಟೆಸ್ಟ್‌ಗೆ ಓಗಲ್ಲ ನಾನು.”

ನಾನೂ ಅಕ್ಷರ ಅಕ್ಷರ ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಬ್ರೌನ್ ಪೇಪರ್ ಪುಸ್ತಕ ಮೇಜಿನ ಮೇಲೇ ಬಿಟ್ಟು ಹೋದ.

ಮನೆಗೆ ಬಂದು ಅಪ್ಪನ ಕಿವಿ ಹತ್ತಿರ ಕೂಗಿ ಎಲ್ಲ ಹೇಳಿದೆ. ಅಪ್ಪ ಇಪ್ಪತ್ತಾರು ವರ್ಷ ಗಣಿಬಾಯಲ್ಲಿ ಬೆಲ್ ಹೊಡೆದವರು. ಕೆಳಗಿಳಿಯುವ ಜನ ಲಿಫ್ಟಿನಂಥ ಕೇಜ್ ಹತ್ತಿದ ಮೇಲೆ ಇವರು ಬೆಲ್ ಕೊಟ್ಟರೆ ಅತ್ತ ಎಂಜಿನ್ನಿನವರು ಇಳಿಸಬೇಕು. ಈಗ ಅಪ್ಪನಿಗೇ ಕಿವಿ ಕೇಳಿಸದು.

“ಅಕ್ಸರ ಎಲ್ಲಾ ಸರಿ ಅಂತೀಯ. ಏನ್ ಬಿಟ್ಟೆ ನೀನು?”

“ಏನೂ ಬಿಟ್ಟಿಲ್ಲ. ಖಾಲಿ ಜಾಗ ಮಾತ್ರ.”

ಅಪ್ಪ ಲೋಟ ತಗೊಂಡು ನೆಲಕ್ಕೆ ಕುಟ್ಟಿದರು. ಮೂರು. ಸುಮ್ಮನಾದರು. ಎರಡು. “ಮೂರು ಅಂದ್ರೆ ಜನ ಅತ್ತವ್ರೆ. ಎರಡು ಅಂದ್ರೆ ಇಳ್ಸು.” ಆಮೇಲೆ ಬಿಡುವಿಲ್ಲದೆ ಐದು. “ಇದು ಬೇರೆ ಮಾತಾಯ್ತದೆ. ಬೆಲ್ ಅಷ್ಟೇನೆ, ನಡುಕ್ಲ ಬಿಡುವು ಓಯ್ತು. ಬಿಡುವೂ ಬೆಲ್ಲೇ ಕಣಮ್ಮ.”

ನಾಳೆ ಬೇಗ ಹೋಗಿ ಸಾರ್ ಹಾಳೆ ತೆಗೆದು ನೋಡಬೇಕು.

11 ಆಗಸ್ಟ್, ಬುಧವಾರ. ಬೆಳಿಗ್ಗೆ 8.40, ಆಂಡರ್ಸನ್‌ಪೇಟೆ ಇನ್‌ಸ್ಟಿಟ್ಯೂಟ್

ಯಾರೂ ಬರುವ ಮುಂಚೆ ಸಾರ್ ಹಾಳೆ ತೆಗೆದು ನೋಡಿದೆ. ಮೇಲುಗಡೆ ಒಂದರಿಂದ ಎಂಬತ್ತರವರೆಗೆ ನಂಬರು ಹಾಕಿದ್ದಾರೆ, ಒಂದು ಅಕ್ಷರಕ್ಕೆ ಒಂದು ಮನೆ. ಹೆಡ್ಡಿಂಗ್ ಇದ್ದರೆ ಎಂಟನೇ ಮನೆಯಿಂದ. ಕೆಲಸ ಹೇಳುವ ಸಾಲು ಹನ್ನೆರಡರಿಂದ. ಮನೆ ತಪ್ಪಿದರೆ ಕಂಪ್ಯೂಟರ್ ಒಪ್ಪಲ್ಲ. ಒಂದೂ ತಪ್ಪಿಲ್ಲ, ಮೂವತ್ತೆಂಟು ಹಾಳೆಯಲ್ಲೂ.

ಸಾಲದ್ದಕ್ಕೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ — ಪ್ರೋಗ್ರಾಮ್ ಹೊಡೆಯುವಾಗ ವರ್ಡ್‌ಸ್ಟಾರಲ್ಲಿ ಡಿ ಒತ್ತಿ ತೆರೆಯಬೇಡಿ, ಎನ್ ಒತ್ತಿ. ಡಿ ಕಾಗದ ಪತ್ರಕ್ಕೆ, ಅಂಚು ತಾನೇ ತಿದ್ದುತ್ತೆ. ಎನ್ ಇದ್ದದ್ದನ್ನು ಇದ್ದಹಾಗೇ ಇಡುತ್ತೆ.

ಅದನ್ನೂ ಟೈಪ್ ಮಾಡಿದ್ದೇನೆ! ಮೂರನೇ ಪುಟ, ಎರಡು ಕಡೆಯೂ ನೇರ ಅಂಚು. ಬೆರಳು ಓದಿದೆ, ನಾನು ಓದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವನು ತನ್ನ ಕಾಲೇ ಡೊಂಕು ಅಂತ ಎದ್ದು ಹೋದ. ನೆಲ ಡೊಂಕು ಮಾಡಿದವಳು ಸೀರೆ ನೆರಿಗೆ ಸರಿ ಮಾಡಿಕೊಂಡು ಕೂತಿದ್ದೇನೆ. ನಾಚಿಕೆ.

14 ಆಗಸ್ಟ್, ಶನಿವಾರ

ಮೂರು ದಿನ ಬರೆಯಲಿಲ್ಲ. ಟೈಪ್ ಮಾಡುತ್ತಿದ್ದೆ. ಎನ್ ಒತ್ತಿ. ಸ್ಪೇಸ್‌ಬಾರ್ ಮೇಲೆ ಹೆಬ್ಬೆರಳು, ಬಾಯಲ್ಲಿ ಲೆಕ್ಕ — ಹನ್ನೊಂದು ಖಾಲಿ, ಹನ್ನೆರಡಕ್ಕೆ ಅಕ್ಷರ. ಬಲಗಡೆ ಅಂಚು ಇಲಿ ಕಚ್ಚಿದ ಹಾಗೆ. ಮೊದಲು ಕಣ್ಣಿಗೆ ಚುಚ್ಚಿತು. ಈಗ ಪರವಾಗಿಲ್ಲ, ಯಾವ ಸಾಲು ಯಾವುದರೊಳಗೆ ಅಂತ ನನಗೂ ಕಾಣುತ್ತೆ. ನಾನೇ ಒಂದನ್ನು ಓಡಿಸಿ ನೋಡಿದೆ. ಓಡಿತು.

ಕೋದಂಡಪ್ಪನವರಿಗೆ ಹೇಳಿಲ್ಲ. ಹೇಳಿದರೆ ಕೆಲಸ ಉಳಿಯುತ್ತಾ? ಹೊಸ ನೋಟ್ಸನ್ನು ಸುಮ್ಮನೆ “ಎರಡನೇ ಮುದ್ರಣ” ಅಂತ ಹಂಚಿಬಿಡಬಹುದು. ಅಶ್ವತ್ಥಪ್ಪನಿಗೆ “ಇನ್ನೊಂದು ಸಲ ನೋಡಪ್ಪ” ಅಂದರೆ ಆಯಿತು. ಯಾರಿಗೂ ಗೊತ್ತಾಗಲ್ಲ. ಅಪ್ಪನಿಗೆ ಹೀಗೇ ಅಂದೆ.

ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ —

“ಎಪ್ಪತ್ತೆರಡ್ರಲ್ಲಿ ನಾನು ಬಿಡುವು ಕೊಡ್ದೆ ಒಡ್ದೆ ಕಣಮ್ಮ. ಅವಸರ. ಕೇಜ್ ಜಗ್ತು, ಒಬ್ಬಂದು ಕಾಲ್ ಮುರೀತು. ಎಂಜಿನ್ ಮೇಲಿದ್ದೋನು ಬಚ್ಚಪ್ಪ. ಐದು ಒಡ್ದ ಅಂತ ಅವ್ನು ಯೋಳ್ದ. ಇಲ್ಲ, ಬಿಡುವು ಕೊಟ್ಟಿದ್ದೆ ಅಂತ ನಾನ್ ಯೋಳ್ದೆ. ಬಚ್ಚಪ್ಪಂಗೆ ಕಿವಿ ಮಂದ ಅಂತ ಬರ್ದು ಎಂಜಿನ್ನಿಂದ ತೆಗುದ್ರು. ಅವ್ನೂ ಅಂಗೇ ನಂಬ್ಕೊಂಡ, ತನ್ ಕಿವೀನೇ ಸರಿಯಿಲ್ಲ ಅಂತ.”

ಬಚ್ಚಪ್ಪ ನಮ್ಮೂರಲ್ಲೇ ಇದ್ದಾರೆ. ರೈಲ್ವೆ ಗೇಟಿನಾಚೆ. ಹಬ್ಬಕ್ಕೆ ಹೋಳಿಗೆ ಕಳಿಸುವವರು. ನನ್ನ ಮದುವೆ ಮುರಿದಾಗ ಅಪ್ಪನ ಜೊತೆ ಮೂರು ದಿನ ಕೂತವರು.

ಅಪ್ಪನ ಮೇಲೆ ಸಿಟ್ಟು ಬಂತು. ಹಿಂದೆಯೇ ನನ್ನ ಮೇಲೆ.

15 ಆಗಸ್ಟ್, ಭಾನುವಾರ

ಧ್ವಜಾರೋಹಣಕ್ಕೆ ಹೋಗಲಿಲ್ಲ. ಚಾಂಪಿಯನ್ ರೀಫ್ಸಿನಲ್ಲಿ ಅಶ್ವತ್ಥಪ್ಪನ ಮನೆ ಹುಡುಕಿದೆ. ಎಲ್ಲ ಒಂದೇ ಥರದ ಸಾಲುಮನೆ, ನಾಲ್ಕು ಬಾಗಿಲು ತಟ್ಟಿದ ಮೇಲೆ ಸಿಕ್ಕಿತು.

ನಿಂತೇ ಹೇಳಿದೆ. “ತಪ್ಪು ನಿಮ್ಮದಲ್ಲ. ನೋಟ್ಸಿಂದು. ಹಾಳೆ ಉಳಿಸೋಕೆ ಹೋಗಿ ನಾನು ಹಾಳು ಮಾಡಿದೆ.” ಎರಡೂ ಪ್ರತಿ ಅಕ್ಕಪಕ್ಕ ಇಟ್ಟು ತೋರಿಸಿದೆ.

ಅವನು ಹೊಸ ಹಾಳೆಯ ಖಾಲಿ ಜಾಗದ ಮೇಲೆ ಬೆರಳಾಡಿಸಿದ. “ಅಂಗಾರೆ ನಾನು ದಡ್ಡ ಅಲ್ಲ?” ಹೆಂಡತಿ ಕಡೆ ತಿರುಗಿದ. “ಕೇಳುದ್ಯಾ? ಮೇಡಮ್ಮೇ ಯೋಳ್ತಾವ್ರೆ.”

ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕೊಟ್ಟರು.

17 ಆಗಸ್ಟ್, ಮಂಗಳವಾರ

ನಿನ್ನೆ ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿದೆ. ಹಳೇ ನೋಟ್ಸ್ ವಾಪಸ್ ತಗೊಂಡೆ, ಹೊಸದು ಕೊಟ್ಟೆ. ಕೋದಂಡಪ್ಪನವರು ಬಾಗಿಲಲ್ಲೇ ನಿಂತಿದ್ದರು.

“ನನ್ಗೊಂದ್ ಮಾತ್ ಯೋಳ್ಬಾರ್ದಾ? ಮಾನ ಬೀದಿಗಾಕ್ದೆ.”

ಇವತ್ತು ಕಂಪ್ಯೂಟರ್ ರೂಮಿನ ಬೀಗದ ಕೈ ಇಸ್ಕೊಂಡರು. ಟೈಪ್‌ರೈಟರ್ ಮಾರುವವರೆಗೆ ಮಾತ್ರ ನನಗೆ ಕೆಲಸವಂತೆ. ಕೊಟ್ಟೆ. ಕೊಡುವ ಮುಂಚೆ ಅಶ್ವತ್ಥಪ್ಪನ ಅರ್ಧ ಗಂಟೆ ಮುಗಿದಿತ್ತು. ನಾಲ್ಕು ಎರರ್. ನಾಲ್ಕೂ ಅವನವೇ. ಏನು ಖುಷಿ ಅವನಿಗೆ!

23 ಆಗಸ್ಟ್, ಸೋಮವಾರ. ಸಂಜೆ 5.45

ಟೆಸ್ಟ್ ಮುಗಿಸಿ ಮೂರು ಗಂಟೆಗೆ ಅಶ್ವತ್ಥಪ್ಪ ಬಂದ. ಮೆಟ್ಟಿಲು ಹತ್ತಿದ್ದಕ್ಕೆ ಉಬ್ಬಸ.

“ಓಡ್ತು ಮೇಡಂ. ಎರಡ್ನೇ ಸಲಕ್ಕೆ ಓಡ್ತು. ಒಂದೂ ಎರರ್ ಇಲ್ಲ.”

ಲಿಸ್ಟ್ ಬರೋದು ಮುಂದಿನ ತಿಂಗಳು. ಸಿಗುತ್ತೋ ಇಲ್ಲವೋ. ಕಣ್ಣಲ್ಲಿ ನೀರು ಬಂತು, ಕರ್ಚೀಫು ಹುಡುಕುವ ನೆಪದಲ್ಲಿ ಬಗ್ಗಿದೆ.

ಈಗ ಮನೆಗೆ ಬಂದು ಅಪ್ಪನಿಗೆ ಕೂಗಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ.

“ನೀನ್ ಯೋಳ್ದಾಗ ಆತ ಬೈದ್ನಾ?”

“ಇಲ್ಲಪ್ಪ. ಕಾಫಿ ಕೊಟ್ಟ.”

ಎದ್ದರು. ಗೂಟದಿಂದ ಒಗೆದ ಟವೆಲ್ ತಗೊಂಡು ಹೆಗಲಿಗೆ ಹಾಕಿದರು. “ಬಚ್ಚಪ್ಪ ಮನೇಲಿರ್ತಾನಾ ಈವೊತ್ತು?”

ಕತ್ತಲಾಗುತ್ತೆ, ನಾಳೆ ಹೋಗೋಣ ಅಂದೆ.

“ಇಪ್ಪತ್ತೊಂದ್ ವರ್ಸ ಬಿಡುವು ಕೊಟ್ಟಿವ್ನಿ. ಸಾಕು. ನಡಿ.”

ಇದನ್ನೊಂದು ಬರೆದು ಬರುತ್ತೇನೆ ಅಂದರೆ ಕೇಳುತ್ತಿಲ್ಲ. ಆಗಲೇ ಅಂಗಳದಲ್ಲಿ ನಿಂತು ಕೋಲಿನಿಂದ ಕಂಬಕ್ಕೆ ಕುಟ್ಟುತ್ತಿದ್ದಾರೆ. ಮೂರು. ಜನ ಹತ್ತಿದ್ದಾರೆ ಅಂತ. ನಾನಿನ್ನೂ ಚಪ್ಪಲಿ —