ಅಕ್ಕನ ಮನೆಯ ಬಾಗಿಲು

ಬಂದರಿನ ಸುಂಕದ ಸಾಹೇಬರಿಗೆ ನಮಸ್ಕಾರ.

ಸ್ವಂತ ಬಳಕೆಗೆಂದು ನಾನು ಹೊರದೇಶದಿಂದ ತರಿಸಿದ, ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್ ಮನೆಯ ಬಾಗಿಲು ಇಲ್ಲಿನ ರಸ್ತೆಯಲ್ಲಿ ವಾಹನ ಓಡುವ ಪಕ್ಕಕ್ಕೆ ತೆರೆಯುತ್ತದೆ, ಅದನ್ನು ಮುಚ್ಚಿ ಇನ್ನೊಂದು ಕಡೆ ಹೊಸದು ಕೊರೆಸಿದರೇ ಬಿಡುವುದು ಅಂದಿರಿ. ನಾನು ಬಡಗಿ, ಬಾಗಿಲು ಕೊರೆಯುವುದು ನನಗೇನೂ ದೊಡ್ಡದಲ್ಲ.

ಆದರೆ ಅದು ನಮ್ಮಕ್ಕ ತೀರಿಕೊಳ್ಳುವವರೆಗೂ ಇದ್ದ ಮನೆ. ದಿನಾ ಆ ಬಾಗಿಲಲ್ಲಿ ಕೂತೇ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. “ಒಳಗೆ ತೋರಿಸೇ” ಅಂದರೆ, “ಗಲೀಜಾಗಿದೆ, ನೀನೇ ಬಂದು ನೋಡು” ಅಂತ ನಗುತ್ತಿದ್ದಳು. ಮಗಳ ಮನೆಯಲ್ಲಿ ಅಮ್ಮ ಕಂಡಿದ್ದು ಆ ಬಾಗಿಲೊಂದೇ. ಈಗ ಆ ಮನೆ ಬರುತ್ತದೆಂದು ದಿನಾ ಹಿತ್ತಲು ಗುಡಿಸಿ ಕಾಯುತ್ತಿದ್ದಾಳೆ.

ಗಾಡಿ ರಸ್ತೆಗಿಳಿಯುವುದಿಲ್ಲ, ಲಾರಿಯಲ್ಲೇ ಹೇರಿಕೊಂಡು ಬಂದು ಆ ಹಿತ್ತಲಲ್ಲೇ ನಿಲ್ಲಿಸುತ್ತೇನೆ. ನಂಬಿಕೆ ಬಾರದಿದ್ದರೆ ಚಕ್ರ ಎರಡೂ ಬಿಚ್ಚಿ ನೀವೇ ಇಟ್ಟುಕೊಳ್ಳಿ. ಬಾಗಿಲು ಮಾತ್ರ ಮುಚ್ಚಿಸಬೇಡಿ.

ಇಂತಿ,
ಆ ಮನೆಯವಳ ತಮ್ಮ