ರೇಡಿಯೊದಲ್ಲಿ ಆಡಿದ ಒಂದು ಮಾತು

ಬೋಸ್ನಿಯಾ, ಅಕ್ಟೋಬರ್ ೨೦೦೬

ಅಕ್ಕಾ,

ನಗು ಇನ್ನೂ ನಿಂತಿಲ್ಲ, ಅದಕ್ಕೇ ಅಕ್ಷರ ಸೊಟ್ಟಗಿವೆ. ಯುರೋಪಿನಿಂದ ಇಲ್ಲಿಗೆ ಬಂದವರಲ್ಲಿ ಎರಡು ಜಾತಿ: ಕೋವಿಯಿಲ್ಲದ ನಾವು ಪೊಲೀಸ್ ಸಲಹೆಗಾರರು, ಕೋವಿ ಹಿಡಿದ ಸೈನಿಕರು. ರೇಡಿಯೊ ಮಾತ್ರ ಇಬ್ಬರಿಗೂ ಒಂದೇ.

ಯುದ್ಧದಲ್ಲಿ ಪರಸ್ಪರ ಕಾದಾಡಿದ ಎರಡೂ ಕೋಮಿನ ಪೊಲೀಸರು ಈಗ ಜೊತೆಯಾಗಿ ಗಸ್ತು ತಿರುಗಲಿ ಎಂಬ ಕಾಗದಕ್ಕೆ ಸಹಿ ಹಾಕದೆ, ಊರಿನ ಪೊಲೀಸ್ ಮುಖ್ಯಸ್ಥ ಫಿಕ್ರೆಟ್ ಮೂರು ತಿಂಗಳು ತಪ್ಪಿಸಿಕೊಂಡಿದ್ದ. ನಿನ್ನೆ ತಾಯಿಯ ಮನೆಯಲ್ಲಿ ಸಿಕ್ಕಿದ. ಖುಷಿಗೆ ನಾನು, ಆಸಾಮಿ ಮಾತಿಗೆ ಸಿಕ್ಕಿದ ಎಂಬ ಅರ್ಥದಲ್ಲಿ, ರೇಡಿಯೊದಲ್ಲಿ "ಕಾಂಟ್ಯಾಕ್ಟ್ ಆಗಿದೆ" ಎಂದುಬಿಟ್ಟೆ. ಸೈನಿಕರ ಪ್ರಕಾರ ಹಾಗೆಂದರೆ ಶತ್ರು ಗುಂಡು ಹಾರಿಸುತ್ತಿದ್ದಾನೆ ಎಂದು. ಹತ್ತೇ ನಿಮಿಷದಲ್ಲಿ ಸೈನ್ಯದ ಎರಡು ಉಕ್ಕಿನ ಗಾಡಿಗಳು ಆ ಮನೆಯಂಗಳದ ಎಲೆಕೋಸಿನ ಮಡಿಯನ್ನು ತುಳಿದು ನಿಂತವು.

"ಎಲ್ಲಿಂದ ಹೊಡೀತಿದಾರೆ?" ಎಂದ ಆಸ್ಟ್ರಿಯಾದ ಕ್ಯಾಪ್ಟನ್, ಬೇಲಿಯ ಮರೆಯಿಂದ.

"ಯಾರೂ ಹೊಡೀತಿಲ್ಲ, ಕಾಫಿ ಕುಡೀತಿದೀವಿ," ಎಂದೆ.

ಫಿಕ್ರೆಟ್ ಬಿಳಿಚಿಕೊಂಡ. ಕೆಲಸ ಕೆಟ್ಟಿತು ಎಂದುಕೊಂಡೆ. ಆದರೆ ಅವನ ತಾಯಿ ಹಾಟಿಜಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ನೋಡೋ, ನೀನು ತಪ್ಪಿಸ್ಕೊಂಡು ತಿರುಗಿದ್ದಕ್ಕೆ ದಂಡೇ ಬಂದಿದೆ. ಸುಮ್ನೆ ಸಹಿ ಹಾಕು. ಏಯ್ ಹುಡುಗ್ರಾ, ಬೂಟು ಬಿಚ್ಚಿ ಒಳಗ್ ಬನ್ನಿ."

ಬಾಗಿಲಲ್ಲಿ ಹನ್ನೊಂದು ಜೊತೆ ಬೂಟು. ಸಹಿ ಬಿತ್ತು. "ಇನ್ಮೇಲೆ ಮಾತುಕತೆ ಅಂದ್ರೆ 'ಕಾಫಿ' ಅಂತ ಹೇಳಿ ಮೇಡಂ," ಎಂದು ಕ್ಯಾಪ್ಟನ್ ಆಜ್ಞೆ.

ನನ್ನ ಕೆಮ್ಮು ವಾಸಿಯಾಗಿದೆ. ನಮ್ಮ ಫಿನ್ಲೆಂಡಿನ ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸು. ಒಂದು ಕ್ಯಾಪ್ಟನ್‌ಗೆ, ಅವನ ಹೆಬ್ಬೆರಳು ಹೊರಗಿತ್ತು.

ರೇಡಿಯೊದಲ್ಲಿ ಅವನು "ಕಾಫಿ, ಕಾಫಿ" ಎಂದು ಅರಚುತ್ತಿದ್ದಾನೆ. ಮಾತುಕತೆಯ ಕಾಫಿಯೋ, ಕುಡಿಯುವ ಕಾಫಿಯೋ ಗೊತ್ತಿಲ್ಲ, ಹೆಲ್ಮೆಟ್ ಹಾಕಿಕೊಂಡೇ ಓಡುತ್ತಿದ್ದೇನೆ.

ನಿನ್ನ ಹಿಲ್ಕಾ